ಒಂದು ಹೆಂಚು ಕೆಂಡ

ಓಬಳಮ್ಮನ ಮುತ್ತಜ್ಜ ಆವುಲಪ್ಪ ಮಂಡಿಕಲ್ ಕಡೆಯವನು. ಅವನ ಎತ್ತು ಪಕ್ಕದೂರಿನ ದೊಡ್ಡ ಮನೆಯವರ ರಾಗಿ ಹೊಲಕ್ಕೆ ನುಗ್ಗಿತೆಂದು ಅವರು ಅದರ ಬಾಲ ಕೊಯ್ದು ಕಳಿಸಿದರು. ಆವುಲಪ್ಪ ಕೂಗಾಡಲಿಲ್ಲ, ಪಂಚಾಯ್ತಿ ಸೇರಿಸಲಿಲ್ಲ. ತಲೆಯ ರುಮಾಲು ಬಿಚ್ಚಿ ಗೂಟಕ್ಕೆ ತಗುಲಿಹಾಕಿದ, ಅಷ್ಟೆ. ಹನ್ನೊಂದು ವರ್ಷ ಬರಿತಲೆಯಲ್ಲಿ ತಿರುಗಿದ. ಮಗಳ ಧಾರೆಯನ್ನೂ ಬರಿತಲೆಯಲ್ಲೇ ಎರೆದ. ಹನ್ನೆರಡನೇ ವರ್ಷ ದೊಡ್ಡ ಮನೆಯವರ ಬಾವಿಯಲ್ಲಿ ಬರೀ ಕೆಸರು ಬಂತು. ಅವರ ಆಳುಗಳು ಹಗ್ಗ, ಕೊಡ ಹಿಡಿದು ಇವನ ಬಾವಿಗೆ ಬಂದಾಗ ಆವುಲಪ್ಪ ಬೇಡವೆನ್ನಲಿಲ್ಲ. "ನೀರು ಎಷ್ಟು ಬೇಕಾದ್ರೂ ತಗೊಳ್ಳಿ. ಆದ್ರೆ ಸೇದೋದು ಮಾತ್ರ ನಿಮ್ಮ ಯಜಮಾನ್ರೇ ಸೇದ್ಬೇಕು" ಎಂದ. ಮೂರನೇ ದಿನ ಯಜಮಾನ ಬಂದು ಪಂಚೆ ಎತ್ತಿಕಟ್ಟಿ ನೀರು ಸೇದಿದ. ಅವತ್ತು ಆವುಲಪ್ಪ ಹೊಸ ಕೆಂಪು ರುಮಾಲು ಸುತ್ತಿ ಬಾವಿಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡ.

ಆ ಆವುಲಪ್ಪನನ್ನೂ ಮಣಿಸಿದವಳು ಅವನ ಸೊಸೆ ವೆಂಕಟರತ್ನಮ್ಮ. ನೆಂಟರ ಪಂಕ್ತಿಯಲ್ಲಿ ಕೂತು ಮಾವ "ಸಾರಿಗೆ ಉಪ್ಪು ಸುರಿದಿದ್ದಾಳೆ" ಎಂದನಂತೆ. ಮಾರನೆಯ ದಿನದಿಂದ ಮಾವನ ತಣಿಗೆಗೆ ಉಪ್ಪಿಲ್ಲದ ಸಾರು ಬೇರೆ ಗಡಿಗೆಯಿಂದ ಬೀಳತೊಡಗಿತು. ಒಂದು ವರ್ಷ ಬಿತ್ತು. ಕೊನೆಗೊಂದು ದಿನ ಮುದುಕ ತಾನೇ ಉಪ್ಪಿನ ಗಡಿಗೆ ಎತ್ತಿ ತಂದು ಸೊಸೆಯ ಮುಂದಿಟ್ಟ. ಅವಳು ಒಂದೇ ಒಂದು ಚಿಟಿಕೆ ಹಾಕಿದಳು.

ವೆಂಕಟರತ್ನಮ್ಮನ ಸೊಸೆ ಅಮ್ಮಾಜಮ್ಮ ಮಾತ್ರ ಯಾರ ಮೇಲೂ ಹಗೆ ಇಟ್ಟುಕೊಂಡವಳಲ್ಲ. ಆಕೆಯ ಬಗ್ಗೆ ಹೇಳುವುದಕ್ಕೆ ಆ ಊರಿನಲ್ಲಿ ಯಾರಿಗೂ ಏನೂ ನೆನಪಿಲ್ಲ.

ಅಮ್ಮಾಜಮ್ಮನ ಮಗಳು ಓಬಳಮ್ಮ. ಮೇಲೂರಿಗೆ ಎರಡು ಮೈಲಿ ದೂರದ ನಮ್ಮ ಊರಿಗೆ ಚೆನ್ನರಾಯಪ್ಪನ ಕೈಹಿಡಿದು ಬಂದು ಮೂವತ್ತೈದು ವರ್ಷವಾಯಿತು. ಕುಳ್ಳಗಿನ, ಕಪ್ಪಗಿನ, ಗಟ್ಟಿ ಮಣಿಕಟ್ಟಿನ ಹೆಂಗಸು. ನಕ್ಕರೆ ಊರ ಬಾಗಿಲಿಗೆ ಕೇಳುತ್ತದೆ. ಮಾತು ಬಿಟ್ಟರೆ ಹತ್ತು ಮನೆಗೆ ಚಳಿ ಹಿಡಿಯುತ್ತದೆ. ಅಣ್ಣತಮ್ಮಂದಿರು ಬೇರೆಯಾದಾಗ ಅಣ್ಣ ನರಸಿಂಹಪ್ಪನ ಪಾಲಿಗೆ ಬೋರ್‌ವೆಲ್ಲು, ಹಿಪ್ಪುನೇರಳೆ ತೋಟ ಬಂದವು. ತಮ್ಮ ಚೆನ್ನರಾಯಪ್ಪನ ಪಾಲಿಗೆ ಮಳೆ ನಂಬಿ ರಾಗಿ ಅವರೆ ಬೆಳೆಯುವ ಬೆದ್ದಲು ಬಂತು. ಅದಕ್ಕೆ ಓಬಳಮ್ಮ ಒಂದು ದಿನವೂ ಗೊಣಗಲಿಲ್ಲ. ಚೆನ್ನರಾಯಪ್ಪ ಹಾಲಿನ ಸಂಘದಲ್ಲಿ ಹಾಲು ಅಳೆದು ರಿಟೈರಾದ. ಮಗ ಕನಕರಾಜ್‌ಗೆ ಗೌರಿಬಿದನೂರಿನ ಕಾರ್ಖಾನೆಯಲ್ಲಿ ಸಂಬಳದ ಕೆಲಸವಾಯಿತು. ಮೊದಮೊದಲು ಅವನು ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಪೆಟ್ರೋಲು ನೂರು ದಾಟಿದ ಮೇಲೆ ಬೈಕು ಮನೆಯ ಜಗಲಿಯಲ್ಲಿ ನಿಂತಿತು, ಮಗ ಅಲ್ಲೇ ರೂಮಿನಲ್ಲಿ ನಿಂತ. ಭಾನುವಾರ ಬಸ್ಸಿನಲ್ಲಿ ಬರುತ್ತಾನೆ.

ಹುಳದ ಮನೆ ಕಾಣದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪನ್ನು ಕಡ್ಡಿ ಸಮೇತ ಹಾಸುತ್ತಾರೆ. ಹುಳ ಎಲೆ ತಿಂದು ಕಡ್ಡಿ ಬಿಡುತ್ತದೆ. ಅದರ ಮೇಲೆ ಮತ್ತೆ ಸೊಪ್ಪು, ಮತ್ತೆ ಕಡ್ಡಿ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮೇಲೆ ಅಟ್ಟಣೆಗಳ ಮೇಲೆ ಮೊಣಕಾಲೆತ್ತರ ಕಡ್ಡಿ, ಹಿಕ್ಕೆ, ಕೊಳೆತ ಎಲೆ ಉಳಿಯುತ್ತದೆ. ಅದನ್ನು ಹಾಸಿಗೆ ಎನ್ನುತ್ತಾರೆ. ಮೂಗು ಕಟ್ಟಿಕೊಂಡು ಹಾಸಿಗೆ ಎಳೆಯಬೇಕು, ಹಿಕ್ಕೆ ಕೊಡವಿ ತಿಪ್ಪೆಗೆ ಹೊರಬೇಕು, ಮನೆ ತೊಳೆದು ಸುಣ್ಣ ಹಾಕಬೇಕು. ಈ ಕೆಲಸಕ್ಕೆ ಕೂಲಿ ಇಲ್ಲ. ಹಾಸಿಗೆ ತೆಗೆದವಳಿಗೆ ಕಡ್ಡಿ, ಅದೇ ಅದರ ಕೂಲಿ. ಇದನ್ನು ಯಾರೂ ಬರೆದಿಟ್ಟಿಲ್ಲ, ಬರೆದಿಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಓಬಳಮ್ಮ ಇಪ್ಪತ್ತು ವರ್ಷ ಬಾವನ ಹುಳದ ಮನೆಯ ಹಾಸಿಗೆ ತೆಗೆದಳು, ಇಪ್ಪತ್ತು ವರ್ಷ ಆ ಕಡ್ಡಿಯಲ್ಲೇ ಮುದ್ದೆ ಬೇಯಿಸಿದಳು. ಮನೆಗೆ ಗ್ಯಾಸು ಬಂದ ಮೇಲೂ ಅದು ಟೀಗೆ, ನೆಂಟರಿಗೆ. ಒಂದು ಸಿಲಿಂಡರ್ ನಾಲ್ಕು ತಿಂಗಳು ಎಳೆಯುತ್ತಿತ್ತು.

ಸಿಲಿಂಡರ್ ಸಾವಿರ ದಾಟಿದ ವರ್ಷ ಕಡ್ಡಿಗೂ ಕಣ್ಣು ಬಿತ್ತು. ಗೂಡು ಬೇಯಿಸಿ ನೂಲು ತೆಗೆಯುವ ರೀಲರ್‌ಗಳಿಗೆ, ಹೆದ್ದಾರಿಯ ಹೋಟೆಲಿನವರಿಗೆ ಸೌದೆ ದುಬಾರಿಯಾಗಿ ಅವರ ಟ್ರ್ಯಾಕ್ಟರುಗಳು ಹಳ್ಳಿ ಸುತ್ತತೊಡಗಿದವು. ಅಷ್ಟರಲ್ಲಿ ನರಸಿಂಹಪ್ಪನ ಮನೆಯ ವಹಿವಾಟು ಮಗ ಮೋಹನ್‌ಬಾಬು ಕೈಗೆ, ಅವನ ಕೈಯಿಂದ ಅವನ ಹೆಂಡತಿ ಶೋಭಾರಾಣಿಯ ಕೈಗೆ ಹೋಗಿತ್ತು. ಮುರುಗಮಲ್ಲದ ಹುಡುಗಿ. ದರ್ಗಾದ ಬೀದಿಯಲ್ಲಿ ಅಪ್ಪನ ಅಂಗಡಿ. ಪಿಯುಸಿ ಓದಿದವಳು, ಯಾವುದನ್ನೂ ಸುಮ್ಮನೆ ಹೋಗಗೊಡದವಳು. ಕೆಟ್ಟವಳಲ್ಲ. ಹುಳದ ಮನೆಯ ಕರೆಂಟ್ ಬಿಲ್ಲು, ಗಂಡನ ಗಾಡಿಯ ಪೆಟ್ರೋಲು, ಟಿಲ್ಲರ್ ಡೀಸೆಲ್ಲು ಎಲ್ಲ ಏರುತ್ತಿದ್ದಾಗ, ತಿಪ್ಪೆಯ ಪಕ್ಕ ಬಿದ್ದಿರುವ ಕಡ್ಡಿಗೆ ಗಿರಾಕಿ ಬಂದರೆ ಅವಳು ಬಿಟ್ಟಾಳೆ?

ಜೂನ್ ತಿಂಗಳ ಒಂದು ಬೆಳಿಗ್ಗೆ ಓಬಳಮ್ಮ ಎರಡು ದಿನ ಎಳೆದ ಹಾಸಿಗೆಯ ಕಡ್ಡಿಯನ್ನು ಹೊರೆ ಕಟ್ಟಿ, ಸಿಂಬಿ ತಲೆಗಿಟ್ಟು, ಎತ್ತಿಕೊಡಲು ನೆರೆಮನೆಯ ಅಕ್ಕಯಮ್ಮನನ್ನು ಕೂಗುತ್ತಿದ್ದಳು. ಅಂಗಳಕ್ಕೆ ರೀಲರ್‌ನ ಟ್ರ್ಯಾಕ್ಟರ್ ಬಂತು. ಅದರ ಹಿಂದೆಯೇ ಶೋಭಾರಾಣಿ ಬಂದಳು.

"ಚಿಕ್ಕತ್ತೆ, ಹೊರೆ ಬಿಚ್ಚಿ."

ಓಬಳಮ್ಮ ತಮಾಷೆ ಎಂದುಕೊಂಡಳು. "ಯಾಕಮ್ಮಯ್ಯ, ಒಳಗೆ ನಿನ್ನ ಓಲೆ ಬಿದ್ದೋಗೈತಾ?"

"ಅಲ್ಲ, ಕಡ್ಡಿ ಎಲ್ಲ ಇವ್ರಿಗೆ ಮಾತಾಡಿದೀನಿ. ಎಲ್ಲಾದ್ರ ರೇಟೂ ಮೇಲೆ ಹೋಗೈತೆ ಚಿಕ್ಕತ್ತೆ, ನಮ್ದೂ ನಡೀಬೇಕಲ್ಲ."

"ನಡೀಲಿ. ಹಾಸಿಗೆ ತೆಗೆದಿದ್ದು ಯಾರು?"

"ಕೂಲಿ ಎಷ್ಟು ಹೇಳಿ, ಕೊಡ್ತೀನಿ."

ಅಂಗಳದಲ್ಲಿ ಏಳೆಂಟು ಹೆಂಗಸರಿದ್ದರು. ಟ್ರ್ಯಾಕ್ಟರ್‌ನವನು ಬೀಡಿ ಹಚ್ಚಿಕೊಂಡು ನೋಡುತ್ತಿದ್ದ. ಓಬಳಮ್ಮ ಹಗ್ಗ ಬಿಚ್ಚಿದಳು. ಹೊರೆ ಸಡಿಲವಾಗಿ ಬಿತ್ತು. ಅಲ್ಲಿಗೆ ನಿಂತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ. ಶೋಭಾರಾಣಿಗೆ ಒಳಗೊಳಗೆ ಮುಜುಗರವಾಯಿತೆಂದು ಕಾಣುತ್ತದೆ. ಬಗ್ಗಿ ಒಂದು ತೆಕ್ಕೆ ಕಡ್ಡಿ ಎತ್ತಿ ಓಬಳಮ್ಮನ ತೋಳಿಗೆ ಹಾಕಿದಳು.

"ಇವತ್ತಿಗೆ ಸಾಕಲ್ವಾ? ಗ್ಯಾಸ್ ತಗೊಳ್ಳಕ್ಕಾಗ್ದೆ ಇದ್ರೆ ನಮ್ಮನೇಲೇ ಊಟ ಮಾಡ್ಕೊಂಡು ಹೋಗಿ. ನಮ್ಮೋರಲ್ವಾ ನೀವು."

ಟ್ರ್ಯಾಕ್ಟರ್‌ನವನು ನಕ್ಕ. ಅವನು ಯಾಕೆ ನಕ್ಕನೋ ಅವನಿಗೇ ಗೊತ್ತು; ಆದರೆ ಆ ನಗು ಓಬಳಮ್ಮನ ಬೆನ್ನಿಗೆ ಅಂಟಿತು. ಅವಳು ಆ ತೆಕ್ಕೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಆಮೇಲೆ ಸೆರಗು ಬಿಚ್ಚಿ ಕೊಡವಿದಳು. ಕುಪ್ಪಸದ ತೋಳಿಗೆ ಸಿಕ್ಕಿದ್ದ ಒಂದು ಸಿಬಿರು ಕಿತ್ತಳು. ಜುಟ್ಟಿನಲ್ಲಿದ್ದ ಒಣ ಎಲೆ ತೆಗೆದಳು. ಎಲ್ಲವನ್ನೂ ಆ ತೆಕ್ಕೆಯ ಮೇಲೆ ಜೋಡಿಸಿದಳು.

"ನಿನ್ನ ಕಡ್ಡಿ ಒಂದು ಚೂರೂ ನನ್ನ ಮೈಮೇಲೆ ಇಲ್ಲ, ನೋಡ್ಕೊಳ್ಳಮ್ಮ" ಎಂದಳು. "ಇನ್ನೊಂದು ಮಾತು ಕೇಳ್ಕೊ. ಉರಿ ಬೇಕು ಅಂತ ನೀನು ನನ್ನ ಹೊಸಲಿಗೆ ಬರ್ಬೇಕು. ಬಂದೇ ಬರ್ತೀಯ. ಅಲ್ಲೀವರ್ಗೂ ಈ ಹುಳದ ಮನೆ ನೆಲಕ್ಕೆ ನನ್ನ ಕಾಲು ತಾಕಲ್ಲ."

"ಗ್ಯಾಸ್ ಇರೋ ಮನೆಯೋರು ಯಾಕೆ ಬರ್ತಾರೆ ಬಿಡಿ ಚಿಕ್ಕತ್ತೆ" ಎಂದು ಶೋಭಾರಾಣಿ ನಕ್ಕುಬಿಟ್ಟಳು.

ಅಂದಿನಿಂದ ಓಬಳಮ್ಮನ ಮನೆಯಲ್ಲಿ ಗ್ಯಾಸು ಹಚ್ಚಲಿಲ್ಲ. ಸಿಲಿಂಡರ್ ಮೇಲೆ ಹಳೆ ಸೀರೆ ಹೊದಿಸಿ ಮೂಲೆಗೆ ನಿಲ್ಲಿಸಿದಳು. ಚೆನ್ನರಾಯಪ್ಪ ಕೇಳಿದ್ದಕ್ಕೆ, "ಅದ್ರಲ್ಲಿ ಬೇಯ್ಸಿದ ಅನ್ನ ತಿಂದ್ರೆ, ಗ್ಯಾಸ್ ಇದ್ರೆ ಸಾಕು ಅನ್ನೋ ಅವಳ ಮಾತು ನಿಜ ಆಗುತ್ತೆ. ಗ್ಯಾಸ್ ಇಲ್ದೆ ಬದುಕ್ತೀನಿ, ಅವಳ ಕಡ್ಡಿ ಇಲ್ದೇನೂ ಬದುಕ್ತೀನಿ" ಎಂದಳು.

"ಗ್ಯಾಸ್ ಏನೇ ಮಾಡ್ತು ನಿಂಗೆ?"

"ಅದು ಅವಳ ಕಡೆ ಸಾಕ್ಷಿ ಹೇಳ್ತಲ್ಲ."

ಸೌದೆ ಎಲ್ಲಿಂದ ತರಬೇಕು? ಅದಕ್ಕೂ ಡೀಸೆಲ್ಲೇ ದಾರಿ ತೋರಿಸಿತು. ಅಕ್ಕಯಮ್ಮನ ಕಾಲೆಕರೆ ನೀಲಗಿರಿ ಕಡಿದು ಮಾರಿದ ಮೇಲೆ ಬುಡಗಳು ನೆಲದಲ್ಲೇ ಉಳಿದಿದ್ದವು. ಕೀಳಿಸೋಣವೆಂದರೆ ಜೆಸಿಬಿಯವನು ಗಂಟೆಗೆ ಹೇಳಿದ ಬಾಡಿಗೆ ಕೇಳಿ ಅಕ್ಕಯಮ್ಮ ಕೂತುಬಿಟ್ಟಿದ್ದಳು. "ಡೀಸೆಲ್ ರೇಟ್ ನೋಡಮ್ಮ" ಎಂದನಂತೆ. ಓಬಳಮ್ಮ ಹೋಗಿ, "ನಾನು ಕೀಳ್ತೀನಿ. ಹೊಲ ನಿಂದು, ಬುಡ ನಂದು" ಎಂದಳು.

"ಓಬಳಕ್ಕ, ಅದೇನು ಮೂಲಂಗಿನಾ? ಗಂಡಸರೇ ಕೈ ಚೆಲ್ತಾರೆ."

"ಅವ್ರಿಗೆ ಕೋಪ ಇಲ್ಲ ಬಿಡು."

ನಾಲ್ಕು ತಿಂಗಳು ಅವಳು ಆ ಹೊಲದಲ್ಲಿ ಹಾರೆ, ಕೊಡಲಿ ಹಿಡಿದು ನಿಂತಳು. ಬುಡದ ಸುತ್ತ ಗುಂಡಿ ತೋಡುವುದು, ಪಕ್ಕದ ಬೇರು ಕಡಿಯುವುದು, ಹಾರೆ ಸೇರಿಸಿ ಮೀಟುವುದು. ದಿನಕ್ಕೊಂದು ಬುಡ, ಮಳೆ ಬಂದು ನೆಲ ಹದವಾದರೆ ಎರಡು. ಕೊಡಲಿ ಬೀಸುವಾಗಲೆಲ್ಲ "ಶೋಭಾ!" ಎನ್ನುವಳು. ಜೊತೆಗೆ ನಿಂತು ಬೇರು ಎಳೆಯುತ್ತಿದ್ದ ಅಕ್ಕಯಮ್ಮ ಚಿಂತಾಮಣಿ ಕಡೆಯವಳು, ನಕ್ಕು ಸಾಯುವಳು.

"ಅಯ್ಯೋ ದೇವುಡಾ, ಇವತ್ತು ಆ ಹುಡುಗಿ ಸೊಂಟ ಹಿಡ್ಕೊಂಡು ಮಲಗಿರ್ತಾಳೆ ಕಣಕ್ಕ. ಸ್ವಲ್ಪ ಮೆಲ್ಲಗೆ ಹೊಡಿ."

"ಇದು ಬರೀ ಕಾಲುಬೆರಳು. ಸೊಂಟ ನಾಳೆಗೆ."

ಕಿತ್ತ ಬುಡ ಸೀಳಿ ಅಟ್ಟದ ಮೇಲೆ, ಮಂಚದ ಕೆಳಗೆ, ಕೊಟ್ಟಿಗೆಯ ಗೋಡೆಯುದ್ದಕ್ಕೂ ಜೋಡಿಸಿದಳು. ಅಷ್ಟು ಕಷ್ಟಪಟ್ಟು ಕಿತ್ತದ್ದನ್ನು ಕಂಡಹಾಗೆ ಸುಡಲು ಅವಳ ಕೈ ಬರಲಿಲ್ಲ. ಒಂದು ಉರಿಯಲ್ಲಿ ಏನೆಲ್ಲ ಮಾಡಬಹುದೆಂದು ನೋಡಿದಳು. ಮೊದಲು ಕಾಳಿನ ಮಡಕೆ ಒಂದು ಕುದಿ ಬರಿಸಿ ಇಳಿಸಿ, ರಾಗಿ ಹುಲ್ಲು ತುಂಬಿದ ಕುಕ್ಕೆಯೊಳಗೆ ಕೂರಿಸಿ ಮೇಲೆ ಹರಕು ಕಂಬಳಿ ಮುಚ್ಚುವುದು. ಎರಡು ಗಂಟೆಯಲ್ಲಿ ಕಾಳು ತನ್ನಷ್ಟಕ್ಕೆ ಬೆಂದಿರುತ್ತಿತ್ತು. ಕಾಳು ಇಳಿಸಿದ ಉರಿಗೆ ಮುದ್ದೆಯ ಎಸರು. ಮುದ್ದೆ ತಿರುವಿದ ಮೇಲೆ ಉಳಿದ ಕೆಂಡಕ್ಕೆ ಬದನೆಕಾಯಿ, ಮೆಣಸಿನಕಾಯಿ. ಕೆಂಡ ಬೂದಿ ಹೊದ್ದ ಮೇಲೆ ಅದರ ಮೇಲೆ ಹಾಲಿನ ಗಡಿಗೆ. ಅಜ್ಜಿ ವೆಂಕಟರತ್ನಮ್ಮ ಹುಲ್ಲಿನಲ್ಲಿ ಮಡಕೆ ಮುಚ್ಚಿಡುತ್ತಿದ್ದುದನ್ನು ಮಗುವಾಗಿದ್ದಾಗ ನೋಡಿದ್ದಳು, ಅಷ್ಟೆ. ಉಳಿದದ್ದೆಲ್ಲ ಹಟ ಕಲಿಸಿತು.

ಇದನ್ನು ನೋಡಿ ಮೊದಲು ಅಕ್ಕಯಮ್ಮ ಬಂದಳು. ಆಮೇಲೆ ಬಾಣಂತಿ ಮಗಳನ್ನು ಮನೆಯಲ್ಲಿಟ್ಟುಕೊಂಡಿದ್ದ ಮುನಿಶಾಮಮ್ಮ ಬಂದಳು. ಹೀಗೆ ಏಳು ಮನೆಯಾಯಿತು. ಓಬಳಮ್ಮ ಅಂಗಳದಲ್ಲಿ ದೊಡ್ಡ ಗುಂಡಿ ಒಲೆ ಹಾಕಿ ಎರಡು ಹಂಡೆ ಇಟ್ಟಳು. ಬೆಳಿಗ್ಗೆ ಒಂದೇ ಉರಿಗೆ ಏಳು ಮನೆಯ ಮೀಯುವ ನೀರು. ಒಬ್ಬೊಬ್ಬರು ಒಂದೊಂದು ದಿನ ಕೈಲಾದದ್ದು ತರುವರು: ಜೋಳದ ಬೆಂಡು, ಟೊಮೆಟೊ ಗಿಡಕ್ಕೆ ಕಟ್ಟಿ ಬಿಟ್ಟ ಹಳೆ ಕೋಲು, ಬೆರಣಿ. ಸಿಲಿಂಡರ್ ಆರು ತಿಂಗಳು ಬರುತ್ತದೆಂದು ಆ ಮನೆಗಳಲ್ಲಿ ಗಂಡಸರೂ ಓಬಳಮ್ಮನನ್ನು ಹೊಗಳಿದರು.

ಅವಳು ಕೇಳಿದ್ದು ಒಂದೇ. "ನನ್ನ ಒಲೆಗೆ ಬರೋರು ಆ ಹಾಸಿಗೆ ಮುಟ್ಟಬಾರ್ದು." ಯಾರೂ ಮುಟ್ಟಲಿಲ್ಲ. ಶೋಭಾರಾಣಿ ಮುಂದಿನ ಎರಡು ಬೆಳೆಗೂ ಹೊರಗಿನಿಂದ ಟೆಂಪೊದಲ್ಲಿ ಆಳು ತರಿಸಿ ಹಾಸಿಗೆ ತೆಗೆಸಿದಳು. ಕಡ್ಡಿಯ ದುಡ್ಡು ಟೆಂಪೊ ಬಾಡಿಗೆಗೆ ಸರಿಹೋಯಿತೆಂದು ಕೇಳಿದ ದಿನ ಓಬಳಮ್ಮ ಒಬ್ಬಟ್ಟು ಮಾಡಿದಳು. ಹಬ್ಬವಿರಲಿಲ್ಲ.

ಡಿಸೆಂಬರ್ ತಿಂಗಳು ಚಂಡಮಾರುತದ ಜಡಿ ಹಿಡಿಯಿತು. ನಮ್ಮ ಸೀಮೆಯಲ್ಲಿ ಅದು ಮಳೆಯಲ್ಲ, ಚಳಿಯನ್ನು ಜರಡಿ ಹಿಡಿದು ಉದುರಿಸಿದ ಹಾಗೆ. ಅವರೆಕಾಯಿ ಕಾಲ. ಸೂರ್ಯ ಮೂರು ದಿನ ಮುಖ ತೋರಿಸಲಿಲ್ಲ. ಮೇಲೂರು ದಾರಿಯಲ್ಲಿ ಕಂಬ ಬಿದ್ದು ಕರೆಂಟು ಹೋಯಿತು. ನರಸಿಂಹಪ್ಪನ ಹುಳದ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳ. ಜ್ವರವೆಂದರೆ ಹುಳ ಪೊರೆ ಕಳಚಲು ತಲೆಯೆತ್ತಿ ನಿಲ್ಲುವುದು. ನಾಲ್ಕನೆಯದು ಎದ್ದರೆ ಇನ್ನೊಂದು ವಾರ ಹಗಲುರಾತ್ರಿ ತಿಂದು ಗೂಡು ಕಟ್ಟುತ್ತದೆ. ಆ ವಾರ ಮನೆ ಬೆಚ್ಚಗಿರಬೇಕು. ತಣ್ಣಗಾದರೆ ಹುಳ ಸೊಪ್ಪು ಬಿಡುತ್ತದೆ, ಮೇಲೆ ಸುಣ್ಣಕಟ್ಟು ರೋಗ ಬೀಳುತ್ತದೆ.

ಶೋಭಾರಾಣಿ ಕರೆಂಟಿನ ಹೀಟರುಗಳನ್ನು ನಂಬಿದ್ದಳು. ಅವು ತಣ್ಣಗೆ ಕೂತವು. ಶಿಡ್ಲಘಟ್ಟದಿಂದ ಜನರೇಟರ್ ತರಿಸೋಣವೆಂದು ಮಾವ ಹೇಳಿದ. "ಬಾಡಿಗೆ ಕೊಟ್ಟು, ಮೇಲೆ ಡೀಸೆಲ್ ಹುಯ್ದು ಏನು ಉಳಿಯುತ್ತೆ? ಸಂಜೆಗೆ ಕರೆಂಟ್ ಬರುತ್ತೆ ಬಿಡಿ" ಎಂದಳು. ಸಂಜೆಗೆ ಬರಲಿಲ್ಲ. ಮಾರನೆಯ ದಿನ ಜನರೇಟರುಗಳೆಲ್ಲ ಬೇರೆ ಹುಳದ ಮನೆಗಳಿಗೆ ಹೋಗಿದ್ದವು. ಮೋಹನ್‌ಬಾಬು ಅಡುಗೆಮನೆಯ ಗ್ಯಾಸ್ ಒಲೆ ಎತ್ತಿ ತಂದು ಹುಳದ ಮನೆಯಲ್ಲಿ ಹಚ್ಚಿದ. ಆ ದೊಡ್ಡ ಮನೆಗೆ ಅದು ಎಲ್ಲಿಗೆ ಸಾಲುತ್ತದೆ? ಮಧ್ಯಾಹ್ನಕ್ಕೆ ಸಿಲಿಂಡರ್ ಮುಗಿಯಿತು. ಇನ್ನೊಂದು ಬುಕ್ ಮಾಡಿದ್ದರು, ಗಾಡಿ ಬಂದಿರಲಿಲ್ಲ. ಸೌದೆ ಹಾಕಿ ಕೆಂಡ ಮಾಡೋಣವೆಂದರೆ ಒಣಗಿದ ಕಡ್ಡಿ ಒಂದೂ ಇಲ್ಲ, ಎಲ್ಲ ರೀಲರ್‌ಗೆ ಹೋಗಿತ್ತು. ತೋಟದ ಬದುವಿನಲ್ಲಿದ್ದದ್ದು ನೆನೆದು ಬರೀ ಹೊಗೆ. ಹೊಗೆ ಹುಳಕ್ಕೆ ಆಗದು.

ಊರಿನಲ್ಲಿ ಆ ಹೊತ್ತು ಹೊಗೆಯಿಲ್ಲದ ಕೆಂಡ ಇದ್ದದ್ದು ಒಂದೇ ಕಡೆ. ಓಬಳಮ್ಮನ ಗುಂಡಿ ಒಲೆ ಮೂರು ದಿನದಿಂದ ಆರಿರಲಿಲ್ಲ. ಏಳು ಮನೆಗೂ ಒಣ ಸೌದೆ ಇಲ್ಲದೆ ಅಡುಗೆಯೂ ಅಲ್ಲೇ ಆಗುತ್ತಿತ್ತು. ನೀಲಗಿರಿ ಬುಡದ ಕೆಂಡ ಗುಂಡಿಯ ತುಂಬ ಕಿತ್ತಳೆ ಹಣ್ಣಿನ ರಾಶಿಯಂತೆ ಮಿನುಗುತ್ತಿತ್ತು. ಗುಂಡಿಯ ಮೇಲೆ ಹಾಕಿದ್ದ ತಗಡಿನ ಚಪ್ಪರದ ಕೆಳಗೆ ಹೆಂಗಸರು ಅವರೆಬೇಳೆ ಹಿತುಕುತ್ತಿದ್ದರು. ಇನ್ನೂ ಸಂಜೆಯ ಬೆಳಕಿತ್ತು. ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕಬ್ಬಿಣದ ದೊಡ್ಡ ಬಾಂಡ್ಲಿ ಹಿಡಿದು ಶೋಭಾರಾಣಿ ಅಂಗಳದ ಗೇಟಿನಲ್ಲಿ ನಿಂತಳು.

"ಚಿಕ್ಕತ್ತೆ."

ಓಬಳಮ್ಮ ತಲೆಯೆತ್ತಲಿಲ್ಲ. "ಯಾರದು?"

"ನಾನು, ಶೋಭಾ."

"ಯಾವ ಶೋಭಾ? ಗ್ಯಾಸ್ ಇರೋ ಮನೆ ಶೋಭಾನಾ?"

ಹೆಂಗಸರ ಬೆರಳುಗಳು ಬೇಳೆಯ ಮೇಲೆ ನಿಂತವು. ಶೋಭಾರಾಣಿ ಬಾಂಡ್ಲಿ ಮುಂದೆ ಹಿಡಿದಳು. "ಕೆಂಡ ಬೇಕಾಗಿತ್ತು ಚಿಕ್ಕತ್ತೆ. ಹುಳ ನಿನ್ನೆಯಿಂದ ಸೊಪ್ಪು ಮುಟ್ತಿಲ್ಲ."

"ಅಲ್ಲಿಂದ ಕೇಳ್ಸಲ್ಲ. ಹೊಸಲ ಹತ್ರ ಬಾ."

ಬಂದಳು. ಹೊಸಲಿಗೆ ಎರಡು ಗೇಣು ದೂರದಲ್ಲಿ ನಿಂತಳು. "ಕೆಂಡ ಕೊಡಿ. ಕೈ ಮುಗೀತೀನಿ."

"ಕೈ ಮುಗಿಯಕ್ಕೆ ಬಾಂಡ್ಲಿ ಕೆಳಗಿಡ್ಬೇಕಲ್ಲಮ್ಮ."

ಶೋಭಾರಾಣಿ ಬಾಂಡ್ಲಿಯನ್ನೂ ಕೊಡೆಯನ್ನೂ ಕೆಳಗಿಟ್ಟು ಕೈ ಮುಗಿದಳು. ಜಡಿ ಅವಳ ನೆತ್ತಿಯ ಮೇಲೆ ಬೀಳುತ್ತಿತ್ತು. ಓಬಳಮ್ಮ ಎದ್ದಳು. ಬಾಂಡ್ಲಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಗೋಡೆಯ ಬುಡದಲ್ಲಿದ್ದ ಒಂದು ಒಡಕು ಹೆಂಚು ತೆಗೆದು ಒರೆಸಿ, ಸೌಟಿನಲ್ಲಿ ಕೆಂಡ ತೋಡಿ ಹೆಂಚಿನ ಮೇಲಿಟ್ಟಳು. ಒಂದು ಸೌಟು. ಇನ್ನೊಂದು ಅರ್ಧ.

"ತಗೊ. ಇವತ್ತಿಗೆ ಸಾಕಲ್ವಾ?"

ಶೋಭಾರಾಣಿಗೆ ಅರ್ಥವಾಯಿತು.

"ಚಳಿ ಐತೆ, ನಮ್ಮನೇಲೇ ಊಟ ಮಾಡ್ಕೊಂಡು ಹೋಗು. ಹಿತುಕಿದ ಬೇಳೆ ಸಾರು. ನಮ್ಮೋಳಲ್ವಾ ನೀನು."

ಅವಳು ಹೆಂಚು ತೆಗೆದುಕೊಂಡಳು. ಅದನ್ನು ಬಿಸಾಡಿ ಹೋಗುತ್ತಾಳೆಂದು ಎಲ್ಲರೂ ಎಣಿಸಿದ್ದರು. ಬಿಸಾಡಲಿಲ್ಲ. ಸೆರಗಿನ ತುದಿ ಮಡಿಸಿ ಹೆಂಚು ಹಿಡಿದು, ಕೊಡೆಯನ್ನು ತನ್ನ ತಲೆಯ ಮೇಲಲ್ಲ, ಆ ಒಂದೂವರೆ ಸೌಟು ಕೆಂಡದ ಮೇಲೆ ಹಿಡಿದುಕೊಂಡು ಬೀದಿಯುದ್ದ ನಡೆದು ಹೋದಳು. ಬಾಂಡ್ಲಿ ಅಲ್ಲೇ ಉಳಿಯಿತು.

ಅವಳು ಗೇಟು ದಾಟುವ ತನಕ ನೋಡುತ್ತ ನಿಂತಿದ್ದ ಓಬಳಮ್ಮ ಹಿಂದಿರುಗಿ, ಹಂಡೆ ಇಳಿಸಿ, ಕೊಳಗದಲ್ಲಿ ತಣ್ಣೀರು ತುಂಬಿಕೊಂಡು ಬಂದು ಗುಂಡಿಯ ಕೆಂಡದ ಮೇಲೆ ಹುಯ್ದಳು. ಒಂದು ಕೊಳಗ, ಎರಡು, ಮೂರು. ಒಂದು ಕಡ್ಡಿ ಹೆಚ್ಚಾಗಿ ಉರಿದರೆ ಹಿಂದಕ್ಕೆ ಎಳೆಯುವವಳು, ನಾಲ್ಕು ತಿಂಗಳ ಬೆವರಿನ ಸೌದೆಯ ಕೆಂಡವನ್ನು ತಾನೇ ಆರಿಸಿದಳು. ಹಬೆ ಮನೆಯೆತ್ತರ ಎದ್ದು ಹುಳದ ಮನೆಯ ಕಿಟಕಿಯ ನೀಲಿ ಬಲೆಯ ತನಕ ಹೋಯಿತು. ಕಾಣಲೆಂದೇ ಮಾಡಿದ್ದು ಅದು.

ಜಗಲಿಯಲ್ಲಿ ಕೆಮ್ಮುತ್ತ ಕೂತಿದ್ದ ಚೆನ್ನರಾಯಪ್ಪ ಕೇಳಿದ: "ಓಬಳಿ, ಹುಳ ಏನ್ ಮಾಡಿದ್ವೇ?"

"ಇಪ್ಪತ್ತ್ ವರ್ಷ ಆ ಹುಳದ ಹೇಲು ಬಾಚಿದೋಳು ನಾನು. ನಾನೇನ್ ಮಾಡಿದ್ದೆ?"

ಅವಳು ಅವತ್ತು ಸಾರಿಗೆ ಕೈ ಇಕ್ಕಲಿಲ್ಲ, ಹಸಿವಿಲ್ಲವೆಂದಳು. ಮುನಿಶಾಮಮ್ಮ ಎದ್ದು ತನ್ನ ಪಾಲಿನ ಬೇಳೆಯನ್ನು ಸೆರಗಿಗೆ ಹಾಕಿಕೊಂಡಳು. "ಓಬಳಕ್ಕ, ನಿನ್ನ ಕಡೆ ನ್ಯಾಯ ಐತೆ, ಇಲ್ಲ ಅನ್ನಲ್ಲ. ಆದ್ರೆ ಕೆಂಡಕ್ಕೆ ನೀರು ಹುಯ್ದ ಒಲೇಲಿ ನಾನು ಬಾಣಂತಿಗೆ ನೀರು ಕಾಯ್ಸಲ್ಲ" ಎಂದು ಹೋದಳು. ಆಮೇಲೆ ಅವಳು ಬರಲಿಲ್ಲ. ನೋಡನೋಡುತ್ತ ಏಳು ಮನೆ ಮೂರಾದವು.

ಹುಳ ಅರ್ಧಕ್ಕಿಂತ ಹೆಚ್ಚು ಹೋದವು. ಸುಣ್ಣಕಟ್ಟಿ, ಶಾಲೆಯ ಬಳಪದ ತುಂಡುಗಳಂತೆ ಬೆಳ್ಳಗೆ ಗಟ್ಟಿಯಾದವನ್ನು ಮೋಹನ್‌ಬಾಬು ಬುಟ್ಟಿಬುಟ್ಟಿಯಾಗಿ ಗುಂಡಿಗೆ ಸುರಿದ. ಬಿಸಿಲು ಬಂದ ಮೇಲೆ ಓಬಳಮ್ಮ ಆರಿದ ಕೆಂಡದ ಇದ್ದಿಲನ್ನು ಹುಳದ ಮನೆಗೆ ಎದುರಾದ ಮೋಟುಗೋಡೆಯ ಮೇಲೆ ಹರವಿ ಒಣಗಿಸಿದಳು. ಶೋಭಾರಾಣಿಯ ಬಾಂಡ್ಲಿಯನ್ನು ಉಜ್ಜಿ ತೊಳೆದು, ಅದೇ ಗೋಡೆಯ ಮೇಲೆ ಬೋರಲು ಹಾಕಿದಳು. ಯಾರೂ ಬಂದು ತೆಗೆದುಕೊಂಡು ಹೋಗಲಿಲ್ಲ.

ಅವಳ ಪೂರ್ವಿಕರ ಕತೆಗಳೆಲ್ಲ ಇಲ್ಲಿಗೆ ಮುಗಿಯುತ್ತವೆ. ರುಮಾಲು ಸುತ್ತಿಕೊಂಡಲ್ಲಿಗೆ, ಉಪ್ಪಿನ ಗಡಿಗೆ ಬಂದಲ್ಲಿಗೆ. ಮಾರನೆಯ ದಿನ ಏನು ಬೇಯಿಸಿದರೆಂದು ಯಾರೂ ಹೇಳಿಲ್ಲ. ಓಬಳಮ್ಮನಿಗೆ ಮಾರನೆಯ ದಿನವೂ ಬಂತು. ಜಡಿಯ ಮೂರು ದಿನ ಏಳು ಮನೆಗೆ ಉರಿಸಿ ಬುಡದ ರಾಶಿ ತಳ ಕಂಡಿತ್ತು. ಉಳಿದ ಇದ್ದಿಲು ಎಂಟು ದಿನಕ್ಕೆ ಮುಗಿಯಿತು. ಅಕ್ಕಯಮ್ಮನ ಹೊಲದಲ್ಲಿ ಹುರುಳಿ ಬಿತ್ತಿಯಾಗಿತ್ತು. ಸಂಕ್ರಾಂತಿ ಹೊತ್ತಿಗೆ ಅವಳು ಬೇಲಿಯ ಲಂಟಾನ, ಅವರೆಯ ಸೊಪ್ಪೆ ಉರಿಸುತ್ತಿದ್ದಳು. ಹೊಗೆಗೆ ಚೆನ್ನರಾಯಪ್ಪನ ಕೆಮ್ಮು ಹೆಚ್ಚಾಯಿತು. "ಮೂಲೇಲಿರೋದು ಮುಟ್ಟಲ್ಲ ಅಂದ್ರೆ ನಾನೊಂದು ಸಿಲಿಂಡರ್ ತರ್ತೀನಮ್ಮ" ಎಂದ ಮಗನಿಗೆ, "ಆ ದುಡ್ಡಿಗೆ ಪೆಟ್ರೋಲ್ ಹಾಕ್ಸಿ ವಾರದ ಮಧ್ಯೆ ಒಂದ್ಸಲ ಬಂದು ಅಪ್ಪನ ಮುಖ ನೋಡು" ಎಂದಳು.

ಜನವರಿಯ ಕೊನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಅವಳ ಗೇಟಿನ ಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು. ಮೋಹನ್‌ಬಾಬು ಓಡಿಸುತ್ತಿದ್ದ, ಪಕ್ಕದಲ್ಲಿ ನರಸಿಂಹಪ್ಪ. ಹಿಂದಿನ ಟ್ರಾಲಿಯ ತುಂಬ ಒಣಗಿದ ಹಿಪ್ಪುನೇರಳೆ ಕಡ್ಡಿ, ಅದರ ಮೇಲೆ ಒಂದು ತುಂಬಿದ ಸಿಲಿಂಡರ್. ಜಡಿಗೆ ಸಿಕ್ಕಿದ ಆ ಬೆಳೆಯ ಹಾಸಿಗೆಯನ್ನು ಶೋಭಾರಾಣಿ ಆಳು ಕರೆಯದೆ ತಾನೇ ಮೂರು ದಿನ ಎಳೆದಳೆಂದು ಊರಿಗೆಲ್ಲ ಗೊತ್ತಿತ್ತು.

ನರಸಿಂಹಪ್ಪ ಇಳಿದು ಗೇಟಿನಾಚೆಯೇ ನಿಂತ. ಓಬಳಮ್ಮ ಬಾವನ ಎದುರು ನಿಂತು ಮಾತಾಡಿದವಳಲ್ಲ. ಬಾಗಿಲ ಹಿಂದಕ್ಕೆ ಸರಿದು ಸೆರಗು ಹೊದ್ದಳು. ಮುದುಕ ಗಂಟಲು ಸರಿಮಾಡಿಕೊಂಡ.

"ಓಬಳಮ್ಮ, ಹುಡುಗಿ ತಪ್ಪು ಮಾಡಿದ್ಲು. ನೀನೂ ಮಾಡ್ದೆ ಅಂತ ನಾನು ಹೇಳಕ್ಕೆ ಬಂದಿಲ್ಲ. ಅವಳೇ ಕಟ್ಟಿ ಕಳ್ಸವ್ಳೆ. ತಮ್ಮನ ಕೆಮ್ಮು ನಮ್ಮನೇಗೆ ಕೇಳುತ್ತಮ್ಮ. ಕಡ್ಡಿ ಇಳಿಸ್ಕೊ, ಸಿಲಿಂಡರ್ ಒಳಗಿಡು. ಇಲ್ಲಿಗೆ ಬಿಡಣ."

ಟ್ರ್ಯಾಕ್ಟರ್ ಗಡಗಡ ಎನ್ನುತ್ತಲೇ ಇತ್ತು. ಜಗಲಿಯಲ್ಲಿ ಕೂತಿದ್ದ ಚೆನ್ನರಾಯಪ್ಪ ಅಣ್ಣನನ್ನೂ ಬಾಗಿಲನ್ನೂ ನೋಡಿದ. ಬಾಗಿಲ ಹಿಂದಿನಿಂದ ಓಬಳಮ್ಮನ ದನಿ ಬಂತು, ಮೆಲ್ಲಗೆ, ಆದರೆ ಬೀದಿಯ ಆಚೆ ಮನೆಗೂ ಕೇಳುವಷ್ಟು.

"ಬಾವನೋರೆ, ನೀವು ಇಷ್ಟ್ ದೂರ ಬಂದಿದ್ದೀರ, ನಿಮ್ಮ ಕಾಲಿಗೆ ಬೀಳ್ತೀನಿ. ಕಡ್ಡಿ ಮಾತ್ರ ಇಳಿಸ್ಬೇಡಿ. ಹಾಸಿಗೆ ತೆಗೆದೋಳಿಗೆ ಕಡ್ಡಿ. ಈ ಸಲ ತೆಗೆದಿದ್ದು ನಿಮ್ಮ ಸೊಸೆ, ಅವಳ ಕೈ ಬೊಬ್ಬೆ ಎದ್ದಿರ್ತವೆ. ಅದು ಅವಳ ಪಾಲು, ಅವಳೇ ಉರಿಸ್ಲಿ. ಇನ್ನೊಬ್ಬಳು ತೆಗೆದ ಹಾಸಿಗೆ ಕಡ್ಡೀನ ಸುಮ್ನೆ ತಗೊಂಡ್ರೆ, ಅವತ್ತು ನಾನು ಹೊರೆ ಬಿಚ್ಚಿದ್ದಕ್ಕೆ ಅರ್ಥ ಏನು? ಸಿಲಿಂಡರ್‌ನೂ ಒಯ್ಯಿರಿ, ಚಳಿ ಇನ್ನೂ ಮುಗ್ದಿಲ್ಲ, ಹುಳದ ಮನೆಗಿರ್ಲಿ. ಬಾಂಡ್ಲಿ ಗೋಡೆ ಮೇಲೈತೆ, ತೊಳ್ದಿಟ್ಟಿದೀನಿ, ಅದನ್ನೂ ಹಾಕ್ಕೊಂಡು ಹೋಗಿ. ನಂಗೆ ಏನೂ ಬೇಡ. ಮೋಹನ, ಗಾಡಿ ತಿರುಗಿಸ್ಕೊಳ್ಳಪ್ಪ. ನಿಂತ್ಕೊಂಡು ಸುಮ್ನೆ ಡೀಸೆಲ್ ಸುಡಬೇಡ."